ಎರಡು ಕೋಳಿಗಳ ಕೂಗು

ಪುರಾಣಗಳನ್ನು ಹೋಲಿಸಿ ನೋಡುವವರು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದು ಅದ್ಭುತರಸದ ತಕ್ಕಡಿಯನ್ನು. ಆ ತಕ್ಕಡಿಯಲ್ಲಿ ಕ್ರೈಸ್ತ ಕಥೆ ಹಗುರವಾಗಿಯೇ ತೂಗುತ್ತದೆ. ನೀರು ದ್ರಾಕ್ಷಾರಸವಾಯಿತು, ಐದು ರೊಟ್ಟಿಗಳಿಂದ ಐದು ಸಾವಿರ ಜನ ಉಂಡರು, ಗುರುವು ಅಲೆಗಳ ಮೇಲೆ ನಡೆದನು. ಸಮವಸರಣದ ವೈಭವವನ್ನು ಕೇಳಿ ಬೆಳೆದ ಕಿವಿಗೆ ಇವು ದೊಡ್ಡ ಸೋಜಿಗಗಳಲ್ಲ. ಆದಕಾರಣ ಅದು ಸಪ್ಪೆಯಾದ ಪುರಾಣವೆಂಬ ತೀರ್ಮಾನ ಸುಲಭವಾಗಿ ಹೊರಬೀಳುತ್ತದೆ. (ಪುರಾಣವೆಂದರೆ ಇಲ್ಲಿ ಕಟ್ಟುಕಥೆಯೆಂದಲ್ಲ, ಪಂಪನ ಆದಿಪುರಾಣವೂ ಪುರಾಣವೇ. ಗೋವೆಯಲ್ಲಿದ್ದ ಪಾದ್ರಿ ಥಾಮಸ್ ಸ್ಟೀಫನ್ಸನು ಯೇಸುವಿನ ಚರಿತೆಯನ್ನು ಮರಾಠಿಯಲ್ಲಿ ಬರೆದು 1616ರಲ್ಲಿ ಅಚ್ಚು ಮಾಡಿಸಿದಾಗ, ಆ ಕಾವ್ಯ ‘ಕ್ರಿಸ್ತಪುರಾಣ’ವೆಂದೇ ಹೆಸರಾಯಿತು.)

ಈ ತೀರ್ಮಾನವನ್ನು ಒರೆಗೆ ಹಚ್ಚಲು ರಾಮನಗರದ ಸುತ್ತಲಿನ ಕಲ್ಲುಬೆಟ್ಟಗಳ ಸೀಮೆಗಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ. ಅಲ್ಲಿ ಒಂದೊಂದು ಬೆಟ್ಟಕ್ಕೂ ಒಂದೊಂದು ಕಥೆ. ಮಾಗಡಿಯ ಸಾವನದುರ್ಗದ ತಪ್ಪಲಿನಲ್ಲಿ ಹಿರಣ್ಯಕಶಿಪುವನ್ನು ಸೀಳಿದ ನರಸಿಂಹನಿದ್ದಾನೆ, ದಕ್ಷನ ಯಜ್ಞವನ್ನು ಕೆಡಿಸಿದ ವೀರಭದ್ರನಿದ್ದಾನೆ. ರಾಮದೇವರ ಬೆಟ್ಟದಲ್ಲಿ ಕಾಕಾಸುರನ ಕಥೆಯನ್ನು ಹೇಳುತ್ತಾರೆ. ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನಲ್ಲಿ ಅಂಬೆಗಾಲಿಕ್ಕುವ ಕೃಷ್ಣನಿದ್ದಾನೆ. ಕನಕಪುರ ತಾಲ್ಲೂಕಿನ ಹಾರೋಬೆಲೆ ಬಹುಕಾಲದಿಂದ ಕ್ರೈಸ್ತರ ಊರು. ಯೇಸುವಿನ ಯಾತನೆಯ ನಾಟಕವನ್ನು ಆ ಊರಿನವರು ತಲೆಮಾರುಗಳಿಂದ ಆಡುತ್ತ ಬಂದಿದ್ದಾರೆ. ಅದರ ಸಮೀಪದ್ದು ಕಪಾಲಬೆಟ್ಟ. ಗೊಲ್ಗೊಥಾ ಎಂಬ ಪದದ ಅರ್ಥವೂ ಕಪಾಲವೇ. 2019ರ ಡಿಸೆಂಬರ್ 25ರಂದು ಅಲ್ಲಿ 114 ಅಡಿ ಎತ್ತರದ ಯೇಸುಪ್ರತಿಮೆಗೆ ಶಂಕುಸ್ಥಾಪನೆಯಾಯಿತು. ಮರುತಿಂಗಳು ಅದು ಮುನೇಶ್ವರನ ಬೆಟ್ಟವೆಂದು ವಾದಿಸಿ ಕನಕಪುರದಲ್ಲಿ ಪ್ರತಿಭಟನೆ ನಡೆಯಿತು. ಬೆಟ್ಟ ಯಾರದೆಂಬ ಚರ್ಚೆ ಬೆಳೆದಷ್ಟು, ಬೆಟ್ಟದ ಕಥೆ ಏನೆಂಬ ಚರ್ಚೆ ಬೆಳೆಯಲಿಲ್ಲ.

ಆ ಕಥೆಯ ವೈಶಿಷ್ಟ್ಯ ಇತರ ಬೆಟ್ಟಗಳ ಕಥೆಗಳ ಪಕ್ಕದಲ್ಲಿಟ್ಟಾಗಲೇ ಕಾಣುವುದು. ದೊಡ್ಡಮಳೂರಿನ ಶಿಶುವಿಗೂ ಬೆತ್ಲೆಹೇಮಿನ ಶಿಶುವಿಗೂ ಹುಟ್ಟಿನ ಸಂಕಟ ಒಂದೇ ಬಗೆಯದು: ಹಸುಳೆಗಳನ್ನು ಕೊಲ್ಲಿಸುವ ದೊರೆ, ರಾತ್ರಿಯಲ್ಲಿ ಮಗುವನ್ನು ಪಾರುಮಾಡುವ ತಂದೆ. ಆದರೆ ಕಂಸನನ್ನು ಕೃಷ್ಣನು ಕೊಲ್ಲುತ್ತಾನೆ. ಹೆರೋದನು ತನ್ನಷ್ಟಕ್ಕೆ ತಾನು ಸಾಯುತ್ತಾನೆ. ಇಗುಪ್ತದಿಂದ ಹಿಂತಿರುಗಿದ ಮಗು ಬಡಗಿಯ ಮನೆಯಲ್ಲಿ ಬೆಳೆಯುತ್ತದೆ. ಸಾವನದುರ್ಗದಲ್ಲಿ ದೇವರು ಕೊಲ್ಲುತ್ತಾನೆ, ಕಪಾಲಬೆಟ್ಟದ ಕಥೆಯಲ್ಲಿ ದೇವರೇ ಕೊಲ್ಲಲ್ಪಡುತ್ತಾನೆ. ಅದೂ ಯುಗಯುಗಗಳ ಹಿಂದೆ ಅಲ್ಲ; ಪಿಲಾತನೆಂಬ ರೋಮನ್ ಅಧಿಕಾರಿಯ ಕಾಲದಲ್ಲಿ, ಒಂದು ಶುಕ್ರವಾರದ ಮಧ್ಯಾಹ್ನ. ಆ ಅಧಿಕಾರಿಯ ಹೆಸರುಳ್ಳ ಶಿಲಾಶಾಸನವೂ 1961ರಲ್ಲಿ ಸೆಸರಿಯಾದಲ್ಲಿ ದೊರೆತಿದೆ. ಪಲ್ಯ, ಸಾಗರೋಪಮಗಳಲ್ಲಿ ಕಾಲವನ್ನು ಅಳೆಯುವ ಪುರಾಣಗಳ ನಡುವೆ ಇದು ಬಹಳ ಸಣ್ಣ ಅಳತೆ. ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ ಖಂಡಕಾವ್ಯಕ್ಕೆ ಆರಿಸಿಕೊಂಡದ್ದೂ ಆ ಕೊನೆಯ ದಿನವನ್ನೇ.

ಹಗೆಗೆ ಹಗೆ ಸಲ್ಲಿಸದ ಈ ಗುಣ ಜೈನ ಓದುಗನಿಗೆ ಅಪರಿಚಿತವಲ್ಲ. ಕಮಠನ ಜೀವವು ಭವಭವಗಳಲ್ಲಿ ಬೆನ್ನಟ್ಟಿ ಉಪಸರ್ಗ ಮಾಡಿದರೂ ಪಾರ್ಶ್ವನಾಥನ ಧ್ಯಾನ ಕದಲಲಿಲ್ಲ. ಇಷ್ಟನ್ನು ಕಂಡು ಎರಡೂ ಒಂದೇ ಎನ್ನುವುದು ಸೌಜನ್ಯವಾದೀತೇ ಹೊರತು ವಿಮರ್ಶೆಯಾಗದು. ನಿಜವಾದ ಹೋಲಿಕೆಗೂ ನಿಜವಾದ ಜಗಳಕ್ಕೂ ಇನ್ನೊಂದು ಜಾಗವಿದೆ: ಜನ್ನನು 1209ರಲ್ಲಿ ಬರೆದ ಯಶೋಧರ ಚರಿತೆ.

ಯಶೋಧರನು ಜೀವಬಲಿಗೆ ಒಪ್ಪುವುದಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಬೆಂತರ ಹೊಕ್ಕ ಆ ಕೋಳಿ ಕೂಗುತ್ತದೆ. ಕೈ ಕೊಂದದ್ದು ಹಿಟ್ಟನ್ನು, ಮನಸ್ಸು ಕೊಂದದ್ದು ಜೀವವನ್ನು ಎಂಬ ಅರಿವು ಆ ಕೂಗಿನೊಡನೆ ಅವನ ಎದೆಗಿಳಿಯುತ್ತದೆ. ಯೆರೂಸಲೇಮಿನಲ್ಲಿಯೂ ಒಂದು ಕೋಳಿ ಕೂಗುತ್ತದೆ. ಪ್ರಾಣ ಹೋದರೂ ಗುರುವನ್ನು ಬಿಡೆನೆಂದ ಪೇತ್ರನು, ಚಳಿಗೆ ಬೆಂಕಿ ಕಾಯಿಸುತ್ತ ನಿಂತ ಅಂಗಳದಲ್ಲಿ, ಆ ಮನುಷ್ಯನನ್ನು ತಾನು ಅರಿಯೆನೆಂದು ಮೂರು ಬಾರಿ ನುಡಿದಿರುತ್ತಾನೆ. ಕೂಗು ಕೇಳಿದೊಡನೆ ಹೊರಗೆ ಹೋಗಿ ಅಳುತ್ತಾನೆ. ರಕ್ತ ಹರಿಯದ ತಪ್ಪನ್ನು ತಪ್ಪೆಂದು ತೋರಿಸುವಲ್ಲಿ ಈ ಎರಡು ಕೋಳಿಗಳಿಗೆ ಸಾಟಿಯಾದುದು ಪುರಾಣಲೋಕದಲ್ಲಿ ವಿರಳ. ನೀರಿನ ಮೇಲೆ ನಡೆದ ಪವಾಡಕ್ಕಿಂತ ಅಂಗಳದ ಈ ಸಣ್ಣ ಪ್ರಸಂಗವೇ ಕ್ರೈಸ್ತ ಕಥೆಯ ಸ್ವಾರಸ್ಯ.

ಕೂಗಿನ ಮುಂದಿನ ದಾರಿ ಮಾತ್ರ ಬೇರೆ. ಯಶೋಧರ ಚಂದ್ರಮತಿಯರು ಆ ಒಂದು ಏಟಿನ ಫಲವನ್ನು ಪ್ರಾಣಿಜನ್ಮಗಳಲ್ಲಿ ತೊಳಲಿ, ಒಮ್ಮೆ ತಾವೇ ಕೋಳಿಗಳಾಗಿ ಹುಟ್ಟಿ ತೀರಿಸಬೇಕಾಗುತ್ತದೆ. ಪೇತ್ರನ ಪಾಪವನ್ನಾದರೋ ಮರುದಿನ ಶಿಲುಬೆಯ ಮೇಲೆ ಇನ್ನೊಬ್ಬನು ಹೊರುತ್ತಾನೆ. ಯೇಸುವನ್ನು ಬಲಿಯಾದ ಕುರಿಮರಿಯೆಂದು ಕರೆಯುವ ಆ ಧರ್ಮ, ಆ ಬಲಿಯೊಂದಿಗೆ ಎಲ್ಲ ಬಲಿಗಳೂ ಮುಗಿದವೆಂದು ಹೇಳುತ್ತದೆ. ಪ್ರಾಣಿಬಲಿ ನಿಲ್ಲಬೇಕೆನ್ನುವಲ್ಲಿ ಜನ್ನನ ಅಭಯರುಚಿಯೂ ಹಾರೋಬೆಲೆಯ ನಾಟಕವೂ ಜೊತೆಯಾಗಿ ನಿಲ್ಲಬಹುದು. ಆದರೆ ಒಬ್ಬನ ಕರ್ಮವನ್ನು ಮತ್ತೊಬ್ಬನು ಸವೆಸಬಲ್ಲನೆಂಬುದನ್ನು ಜಿನಧರ್ಮ ಒಪ್ಪದು. ತೀರ್ಥಂಕರನು ದಾರಿಯನ್ನು ತೋರಬಲ್ಲನೇ ವಿನಾ ಭಾರವನ್ನು ಹೊರಲಾರ. ಈ ಭೇದವನ್ನು ಮರೆಮಾಚಿದರೆ ಎರಡು ಪುರಾಣಗಳಿಗೂ ಅನ್ಯಾಯ.

ಹಾಗೆಂದು ಜೈನ ಲೆಕ್ಕವೇ ಹೆಚ್ಚು ಕಠಿಣವೆಂದು ಭಾವಿಸುವಂತಿಲ್ಲ. ಅಣ್ಣನ ಕ್ಷಮೆ ಬೇಡಿ ಬಾಗಿದ ಮರುಭೂತಿಯ ಮೇಲೆ ಬಂಡೆಯನ್ನು ಎತ್ತಿಹಾಕಿದ ಕಮಠನಿಗೂ ಭವಾಂತರಗಳ ಅವಧಿ ದೊರೆಯುತ್ತದೆ; ಕಟ್ಟಕಡೆಗೆ ಅವನೂ ಪಾರ್ಶ್ವಜಿನನ ಪಾದದಲ್ಲಿ ಶಾಂತನಾಗುತ್ತಾನೆ. ಗುರುವನ್ನು ಹಿಡಿದುಕೊಟ್ಟ ಯೂದನಿಗೆ ದೊರೆಯುವುದು ಒಂದೇ ರಾತ್ರಿ. ಬೆಳಗಾದಾಗ ಅವನಿಗೂ ಪಶ್ಚಾತ್ತಾಪವಾಗುತ್ತದೆ. ಮೂವತ್ತು ಬೆಳ್ಳಿಯ ನಾಣ್ಯಗಳನ್ನು ದೇವಾಲಯದಲ್ಲಿ ಎಸೆದು ಹೋಗಿ ಉರುಲು ಹಾಕಿಕೊಳ್ಳುತ್ತಾನೆ. ಆ ಹಣದಿಂದ ಯಾಜಕರು, ಪರದೇಶಿಗಳನ್ನು ಹೂಳುವುದಕ್ಕೆಂದು, ಕುಂಬಾರನ ಹೊಲವೊಂದನ್ನು ಕೊಂಡರೆಂದು ಹೇಳಿ ಮತ್ತಾಯನ ಸುವಾರ್ತೆ ಅವನನ್ನು ಅಲ್ಲಿಗೇ ಬಿಟ್ಟು ಮುಂದೆ ಸಾಗುತ್ತದೆ.