ಒತ್ತು ಉದುರಿದ ಕೊಟ್ಟೂರು

‘ಒಂದು ಸಲ ಬರಿ, ಹತ್ತು ಕಡೆ ಬಳಸು’ – ವೆಬ್ ಅನಿಮೇಶನ್ ಸ್ಕ್ರಿಪ್ಟ್ ಬರೆಯೋರೆಲ್ಲ ಹೇಳೋ ಮಾತು. 2006ರಲ್ಲಿ ಜಾನ್ ರೆಸಿಗ್ ಹೊರತಂದ ಜೆಕ್ವೆರಿ ಈ ಮಾತು ಉಳಿಸಿಕೊಂಡಿತ್ತು. ಫೇಡ್‌ಇನ್ ಅಂತ ಒಂದು ಸಾಲು ಬರೆದರೆ ಇಡೀ ಡಬ್ಬಿ ಮೆಲ್ಲಗೆ ಕಾಣಿಸಿಕೊಳ್ಳೋದು. ಒಳಗಿರೋದು ಇಂಗ್ಲಿಷೋ ಕನ್ನಡವೋ, ಅದಕ್ಕೆ ಬೇಕಿರಲಿಲ್ಲ.

ತೊಂದರೆ ಶುರುವಾಗೋದು ಅಕ್ಷರಗಳನ್ನು ಒಂದೊಂದಾಗಿ ಕುಣಿಸೋಕೆ ಹೋದಾಗ. ಇಂಥ ಸ್ಕ್ರಿಪ್ಟ್‌ಗಳಲ್ಲಿ ಮತ್ತೆಮತ್ತೆ ಕಾಣೋ ಉಪಾಯ ಒಂದೇ: ಪದವನ್ನು ಸ್ಪ್ಲಿಟ್ ಮಾಡು, ಪ್ರತಿ ತುಂಡನ್ನೂ ಸ್ಪ್ಯಾನ್‌ನಲ್ಲಿ ಸುತ್ತು, ಇನ್‌ಲೈನ್-ಬ್ಲಾಕ್ ಮಾಡು, ಒಂದರ ಹಿಂದೊಂದು ಮೇಲೆತ್ತು. ಇಂಗ್ಲಿಷಿಗೆ ಚೆಂದ.

ನಾನು ಕೂಡ್ಲಿಗಿ ಕಡೆಯವನು. ನಮ್ಮ ಸುತ್ತಲಿನ ಊರಿನ ಹೆಸರು ಕೊಟ್ಟು ನೋಡಿ. ‘ಕೊಟ್ಟೂರು’ ನಮಗೆ ಮೂರಕ್ಷರ. ಜಾವಾಸ್ಕ್ರಿಪ್ಟ್‌ಗೆ ಎಂಟು: ಕ, ಅದರ ಒತ್ವ, ಟ, ಹಲಂತದ ಗುರುತು, ಇನ್ನೊಂದು ಟ, ಅದರ ದೀರ್ಘ, ರ, ಅದರ ಕೊಂಬು. ಎಂಟೂ ಬೇರೆಬೇರೆ ಹಾರಿಬಂದಾಗ ಒತ್ತು ಕೂರೋದೇ ಇಲ್ಲ. ಸ್ವರಚಿಹ್ನೆಗಳು ಚುಕ್ಕಿವೃತ್ತ ಹೊತ್ತು ಒಂಟಿಯಾಗಿ ನಿಲ್ಲುತ್ತವೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗೂ ಇದೇ ಗತಿ. ಒತ್ತಿಲ್ಲದ ಹಡಗಲಿಯೂ ಪಾರಾಗೋದಿಲ್ಲ, ‘ಲಿ’ಯ ಗುಡಿಸು ಕಳಚಿಬೀಳುತ್ತೆ.

‘ಇಂಟ್ಲ್ ಸೆಗ್ಮೆಂಟರ್ ಬಳಸಿ’ ಅಂತಾರೆ. ಅದರಿಂದ ಗುಣಿತ ಉಳಿಯುತ್ತೆ, ನಿಜ. ಆದರೆ ಒತ್ತಕ್ಷರ ಒಡೆಯಬಾರದು ಅನ್ನೋ ನಿಯಮ 2023ರ ಯೂನಿಕೋಡ್ 15.1ರಲ್ಲಿ ಬಂದಾಗ ದೇವನಾಗರಿ, ತೆಲುಗು, ಮಲಯಾಳಂ ಅದರಲ್ಲಿದ್ದವು, ಕನ್ನಡ ಇರಲಿಲ್ಲ. ಆ ಲೆಕ್ಕದಲ್ಲಿ ನಮ್ಮೂರು ಕೊ-ಟ್-ಟೂ-ರು.

ಇದನ್ನು ಸಣ್ಣ ಬಗ್ ಅಂತ ತಳ್ಳಿಹಾಕೋಕಾಗಲ್ಲ. ನಾನಿದ್ದ ಒಂದು ತಂಡದಲ್ಲಿ ಹೀಗಾದಾಗ ಯಾರೂ ಸ್ಕ್ರಿಪ್ಟ್ ಮುಟ್ಟಲಿಲ್ಲ. ‘ಹೆಡಿಂಗ್ ಇಂಗ್ಲಿಷಲ್ಲೇ ಇರ್ಲಿ ಬಿಡ್ರಿ’ ಅಂದರು. ಹತ್ತು ಸಾಲಿನ ಕೋಡ್ ಉಳಿಸೋಕೆ ಒಂದು ಭಾಷೆ ಜಾಗ ಬಿಡಬೇಕಾಯಿತು.

ಮರುಬಳಕೆಯ ಸ್ಕ್ರಿಪ್ಟ್ ಅಂದರೆ ಬದಲಾಗೋದನ್ನು ಹೊರಗಿಂದ ತೆಗೆದುಕೊಳ್ಳಬೇಕು. ವೇಗ, ದಿಕ್ಕು, ತಡ ಇವನ್ನೆಲ್ಲ ಆಪ್ಷನ್ ಆಗಿ ಕೇಳ್ತೀವಿ. ಪದ ಎಲ್ಲಿ ಒಡೆಯಬೇಕು ಅನ್ನೋದನ್ನು ಮಾತ್ರ ಒಳಗೇ ಹುಗಿದುಬಿಡ್ತೀವಿ. ಅದನ್ನೂ ಒಂದು ಫಂಕ್ಷನ್ನಾಗಿ ಹೊರಗಿಂದ ಕೇಳಿ. ಯಾರೂ ಕೊಡದಿದ್ದರೆ ಅಕ್ಷರ ಬಿಟ್ಟು ಇಡೀ ಪದವನ್ನೇ ಎತ್ತಿ. ಖಾಲಿಜಾಗ ನೋಡಿ ಒಡೆದರೆ ಕನ್ನಡಕ್ಕೂ ಪೆಟ್ಟಿಲ್ಲ. ಫೋನಿನಲ್ಲಿ ಚಲನೆ ಕಮ್ಮಿ ಮಾಡಿಕೊಂಡವರಿಗೆ ಏನೂ ಕುಣಿಸದೆ ಪಠ್ಯ ತೋರಿಸಿ.

ಟೆಸ್ಟ್ ಮಾಡುವಾಗ ‘ಹಲೋ ವರ್ಲ್ಡ್’ ಜೊತೆ ‘ಕೊಟ್ಟೂರು’ ಅಂತಲೂ ಟೈಪ್ ಮಾಡಿ. ಎರಡೂ ನೆಟ್ಟಗೆ ಬಂದರೆ ಆಮೇಲೆ ‘ರೀಯೂಸಬಲ್’ ಅಂತ ಹೆಸರಿಡಿ.