ಬೀಟಾ ಎಂಬ ಗುರಾಣಿ

2004ರ ಎಪ್ರಿಲ್ 1ರಂದು ಜಿಮೇಲ್ ಹೊರಬಂದಾಗ ಅದರ ಹೆಸರಿನ ಜೊತೆಗೆ 'ಬೀಟಾ' ಎಂಬ ಪುಟ್ಟ ಪದವೊಂದು ಅಂಟಿಕೊಂಡಿತ್ತು. ತಂತ್ರಾಂಶ ಇನ್ನೂ ಪರೀಕ್ಷೆಯಲ್ಲಿದೆ, ಎಡವಬಹುದು ಎಂದು ಅದರ ಅರ್ಥ. ಗೂಗಲ್ ಅದನ್ನು ಕಿತ್ತುಹಾಕಿದ್ದು 2009ರ ಜುಲೈಯಲ್ಲಿ. ಅಷ್ಟರಲ್ಲಿ ಜನರು ಅದರಲ್ಲೇ ಉದ್ಯೋಗದ ಅರ್ಜಿ ಕಳುಹಿಸಿದ್ದರು, ವ್ಯಾಪಾರ ಕುದುರಿಸಿದ್ದರು, ಊರು ಬಿಟ್ಟ ಮಕ್ಕಳ ಪತ್ರಕ್ಕಾಗಿ ಕಾದಿದ್ದರು. ಐದು ವರ್ಷ ಒಂದೇ ಪರೀಕ್ಷೆ ಬರೆಯುತ್ತಾ ಕೂತ ವಿದ್ಯಾರ್ಥಿಗೆ ನಾವು ಏನೆನ್ನುತ್ತೇವೆ?

ಆಪಲ್ 2000ದ ಸೆಪ್ಟೆಂಬರಿನಲ್ಲಿ ಮ್ಯಾಕ್ ಓಎಸ್ ಎಕ್ಸ್‌ನ ಬೀಟಾವನ್ನು 29.95 ಡಾಲರಿಗೆ ಮಾರಿತ್ತು! ಪರೀಕ್ಷಿಸುವವನೇ ಹಣ ತೆರಬೇಕು. ಆದರೂ ಅದರಲ್ಲೊಂದು ಪ್ರಾಮಾಣಿಕತೆಯಿತ್ತು. 2001ರ ಮೇಯಲ್ಲಿ ಅದು ತಾನಾಗಿಯೇ ಕೆಲಸ ನಿಲ್ಲಿಸುವಂತೆ ಮಾಡಲಾಗಿತ್ತು. ಅದನ್ನೇ ನಂಬಿ ಬಹುಕಾಲ ಸಂಸಾರ ಹೂಡುವಂತಿರಲಿಲ್ಲ.

ಅರೆಬೆಂದ ತಂತ್ರಾಂಶವನ್ನು ಜನರ ಕೈಗಿಡುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಸಾವಿರಾರು ಬಗೆಯ ಯಂತ್ರಗಳಲ್ಲಿ ಬಳಸಿದಾಗ ಮಾತ್ರ ಹೊರಬರುವ ದೋಷಗಳಿವೆ. ಆದರೆ ಬಳಕೆದಾರ ಪುಕ್ಕಟೆಯಾಗಿ ದುಡಿಯುವಾಗ ಅವನ ಮಾತಿಗೆ ಕಿವಿಗೊಡುವ ಹೊಣೆ ಯಾರದು?

ವಿಂಡೋಸ್ 10ರ 2018ರ ಅಕ್ಟೋಬರ್ ಆವೃತ್ತಿಯನ್ನೇ ನೋಡಿ. ಮೈಕ್ರೋಸಾಫ್ಟ್‌ನ ಇನ್‌ಸೈಡರ್ ಯೋಜನೆಯ ಸ್ವಯಂಸೇವಕರು ಅದನ್ನು ಮೊದಲೇ ಬಳಸಿ ನೋಡಿದ್ದರು. ತಮ್ಮ ಕಡತಗಳು ಅಳಿಸಿಹೋದವೆಂದು ಅವರಲ್ಲಿ ಕೆಲವರು ದೂರಿಕೊಂಡಿದ್ದರು ಕೂಡಾ. ದೂರಿಗೆ ಹೆಚ್ಚು ಮತ ಬೀಳಲಿಲ್ಲ. ಬಹುಮತವಿಲ್ಲದ ಸತ್ಯ ರಾಶಿಯಡಿ ಹೂತುಹೋಯಿತು. ಅಕ್ಟೋಬರ್ 2ರಂದು ಆವೃತ್ತಿ ಬಿಡುಗಡೆಯಾಯಿತು. ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂತಹ ಫೋಲ್ಡರ್‌ಗಳ ಜಾಗವನ್ನು ಬೇರೆ ಡ್ರೈವ್‌ಗೆ ಬದಲಿಸಿಕೊಂಡು, ಹಳೆಯ ಜಾಗದಲ್ಲೂ ಕಡತಗಳನ್ನು ಉಳಿಸಿಕೊಂಡಿದ್ದವರಿಗೆ ಏಟು ಬಿತ್ತು. ಹಳೆಯ ಫೋಲ್ಡರ್ ಖಾಲಿ ಎಂದೇ ಭಾವಿಸಿ ತಂತ್ರಾಂಶ ಅದನ್ನು ಒರೆಸಿಹಾಕುತ್ತಿತ್ತು. ಕೆಲವೇ ದಿನಗಳಲ್ಲಿ ಬಿಡುಗಡೆಯನ್ನು ತಡೆಹಿಡಿದ ಕಂಪೆನಿ, ಮತ್ತೆ ಅದನ್ನು ಹೊರತಂದದ್ದು ನವೆಂಬರ್ 13ರಂದು. ಇಂತಹ ದೂರು ಹತ್ತು ಸಾವಿರಕ್ಕೆ ಒಂದರಷ್ಟೇ ಎಂದು ಕಂಪೆನಿ ಲೆಕ್ಕ ಕೊಟ್ಟಿತು. ಮಗುವಿನ ಮೊದಲ ಫೋಟೋ ಕಳಕೊಂಡ ತಾಯಿಗೆ ಆ ಲೆಕ್ಕದಿಂದ ಏನಾಗಬೇಕು?

ಬಳಕೆದಾರರಾದ ನಾವೂ ಸಾಚಾಗಳಲ್ಲ. ಮುಖ್ಯ ಯಂತ್ರದಲ್ಲಿ ಹಾಕಬೇಡಿ, ಪ್ರತಿಯೊಂದನ್ನು ತೆಗೆದಿಡಿ ಎಂಬ ಎಚ್ಚರಿಕೆಯನ್ನು ಓದದೆ 'ಒಪ್ಪಿದೆ' ಒತ್ತುತ್ತೇವೆ. ಇರುವುದೇ ಒಂದು ಫೋನು. ಬ್ಯಾಂಕು, ಮದುವೆ ಫೋಟೋ, ಆಫೀಸಿನ ಕಾಗದ ಎಲ್ಲವೂ ಅದರಲ್ಲೇ. ನೆರೆಯವನಿಗಿಂತ ಎರಡು ತಿಂಗಳು ಮುಂಚೆ ಹೊಸತನ್ನು ಕಾಣುವ ಚಪಲಕ್ಕೆ ನಾನೂ ಒಮ್ಮೆ ಸೋತಿದ್ದೇನೆ.

ಆ ಪ್ರಕರಣದ ಬಳಿಕ ಮೈಕ್ರೋಸಾಫ್ಟ್, ದೂರು ಕೊಡುವವರು ತೊಂದರೆಯ ತೀವ್ರತೆಯನ್ನೂ ನಮೂದಿಸಲು ಜಾಗ ಕಲ್ಪಿಸಿತು. ಆ ಜಾಗ ಮೊದಲೇ ಇರುತ್ತಿದ್ದರೆ ಕಡತ ಕಳಕೊಂಡವನು ಮತಕ್ಕಾಗಿ ಕಾಯಬೇಕಿರಲಿಲ್ಲ.