ಮೊದಲು ಹೇಳಿದವರು ಯಾರು?

ಬಸವಾಪಟ್ಟಣದ ಚಹಾದಂಗಡಿಯಲ್ಲಿ ಎರಡು ವಾದ ಆಗಾಗ ಕೇಳಿಸುತ್ತವೆ. ಗುರುತ್ವಾಕರ್ಷಣೆ ಭಾಸ್ಕರಾಚಾರ್ಯರದು, ನ್ಯೂಟನ್‌ನದಲ್ಲ. ರಕ್ತಪರಿಚಲನೆ ಇಬ್ನುನ್ನಫೀಸರದು, ಹಾರ್ವೆಯದಲ್ಲ. ಎರಡರಲ್ಲೂ ಇರುವುದು ಅರ್ಧ ಸತ್ಯ.

ಭೂಮಿ ಭಾರವಾದ ವಸ್ತುವನ್ನು ಸೆಳೆಯುತ್ತದೆಂದು ಭಾಸ್ಕರರು 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಹೇಳಿದ್ದಾರೆ. ಅದೇ ಸೆಳೆತ ಚಂದ್ರನನ್ನೂ ಹಿಡಿದಿದೆ, ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ ಎಂದು 1687ರಲ್ಲಿ ಲೆಕ್ಕ ಹಾಕಿ ತೋರಿಸಿದವರು ನ್ಯೂಟನ್. ಆ ವರ್ಗನಿಯಮ ತನ್ನದೆಂದು ಹುಕ್ ಜಗಳ ತೆಗೆದದ್ದೂ ಉಂಟು. ರಕ್ತವು ಹೃದಯದ ಬಲಭಾಗದಿಂದ ಶ್ವಾಸಕೋಶದ ಮೂಲಕ ಎಡಕ್ಕೆ ಹೋಗುತ್ತದೆಂದು 13ನೇ ಶತಮಾನದಲ್ಲೇ ಬರೆದವರು ಇಬ್ನುನ್ನಫೀಸ್. ಇಡೀ ದೇಹದ ಸುತ್ತನ್ನು 1628ರಲ್ಲಿ ವಿವರಿಸಿದವರು ಹಾರ್ವೆ.

ಅಭಿಮಾನ ಇರಲಿ, ಓದೂ ಇರಲಿ. ಇಬ್ನುನ್ನಫೀಸರ ಆ ಬರಹ 1924ರಲ್ಲಿ ಬರ್ಲಿನ್ನಿನ ಗ್ರಂಥಾಲಯದಲ್ಲಿ ಈಜಿಪ್ಟಿನ ವೈದ್ಯರೊಬ್ಬರ ಕಣ್ಣಿಗೆ ಬೀಳುವವರೆಗೆ ನಮ್ಮವರಲ್ಲಿ ಹೆಚ್ಚಿನವರಿಗೇ ಅದರ ನೆನಪಿರಲಿಲ್ಲ. ಹಿರಿಯರ ಹೆಸರೆತ್ತಿ ಎದುರಿನವರ ಬಾಯಿ ಮುಚ್ಚಿಸುವ ಮೊದಲು ಅವರ ಪುಸ್ತಕದಲ್ಲಿ ಏನಿದೆಯೆಂದು ನಾವೂ ಅವರೂ ಕೂಡಿ ಒಮ್ಮೆ ನೋಡೋಣ.